ದೊಡ್ಡಪ್ಪನ ಫ್ಲಾಪಿಗಳು ಮತ್ತು ಒಂದು ಆಫೀಸ್ ತಂತ್ರಾಂಶದ ವಂಶವೃಕ್ಷ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಾಗ ದೊಡ್ಡಮ್ಮ ಅಟ್ಟದಿಂದ ಒಂದು ತಗಡಿನ ಬಿಸ್ಕೆಟ್ ಡಬ್ಬ ಇಳಿಸಿಕೊಂಡು ಬಂದರು. ಮುಚ್ಚಳ ತೆಗೆದರೆ ಒಳಗೆ ಏಳು ಫ್ಲಾಪಿ. ಒಂದೊಂದರ ಮೇಲೂ ದೊಡ್ಡಪ್ಪನ ದುಂಡು ಅಕ್ಷರ: ಮುಳುಗಡೆ 1, ಮುಳುಗಡೆ 2, ಹಾಡುಗಳು...

"ನಿನ್ನ ದೊಡ್ಡಪ್ಪ ಬರ್ದಿದ್ದೆಲ್ಲ ಇದ್ರಲ್ಲೇ ಇದ್ಯಂತೆ ಕಣೋ. ನೀ ಕಂಪ್ಯೂಟರ್ ಕಲ್ತವ, ಏನಾದ್ರೂ ಆಗತ್ತಾ ನೋಡು" ಅಂದರು.

ದೊಡ್ಡಪ್ಪ ಪ್ರೈಮರಿ ಶಾಲೆ ಮೇಷ್ಟ್ರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರಲ್ಲಿ ಊರೂರೇ ಮುಳುಗಿದ್ದನ್ನು ಕಣ್ಣಾರೆ ಕಂಡವರು. ರಿಟೈರ್ ಆದ ಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, ಅಲ್ಲಿಂದ ಎದ್ದು ಹೋದವರ ಮನೆ ಹುಡುಕಿಕೊಂಡು ಹೋಗಿ, ಮುಳುಗಿದ ಗದ್ದೆಗಳ ಹೆಸರು, ದಾರಿಗಳ ಹೆಸರು, ಹೆಂಗಸರ ಹಾಡು ಎಲ್ಲ ಬರೆದುಕೊಂಡು ಬಂದಿದ್ದರು. ಮೊದಲ ಭಾಗ 1999ರಲ್ಲಿ ಪುಸ್ತಕವಾಯಿತು. ಅದರ ಒಂದೇ ಪ್ರತಿ ಮನೆಯಲ್ಲಿ ಉಳಿದಿದೆ, ಅದಕ್ಕೂ ಒರಲೆ ಹಿಡಿದಿದೆ. ಎರಡನೇ ಭಾಗ ಅಚ್ಚಾಗುವ ಮೊದಲೇ ಅವರು ಹೋಗಿಬಿಟ್ಟರು. ಕೈಬರಹದ ನೋಟ್‌ಬುಕ್ಕುಗಳು ಒಂದು ಮಳೆಗಾಲದಲ್ಲಿ ಸೋರಿದ ನೀರಿಗೆ ಸಿಕ್ಕಿ ಹೋದವು. ಉಳಿದಿರುವುದು ಈ ಡಬ್ಬ ಮಾತ್ರ.

ಅದೇ ಸಂಜೆ ಅಣ್ಣನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಚಿಕ್ಕಪ್ಪ, ಇದ್ರ ಜೊತೆ ಬಂದಿದ್ದ ಆಫೀಸ್ ಟ್ರಯಲ್ ಮುಗಿದುಹೋಯ್ತು. ಇನ್ಮೇಲೆ ವರ್ಷ ವರ್ಷ ದುಡ್ಡು ಕಟ್ಬೇಕಂತೆ. ಅದು ಬಿಟ್ಟು ಬೇರೆ ಯಾವ್ದಾದ್ರೂ ಒಳ್ಳೇದಿದ್ಯಾ?"

ಅವಳಿಗೆ ಆಗ ಏನೋ ಒಂದು ಉತ್ತರ ಕೊಟ್ಟೆ. ಆದರೆ ರಾತ್ರಿ ಬಸ್ಸಲ್ಲಿ ವಾಪಸ್ ಬರುವಾಗ ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು ಕೂತವನಿಗೆ ದೊಡ್ಡಮ್ಮ ಕೇಳಿದ್ದೂ ಮಗಳು ಕೇಳಿದ್ದೂ ಒಂದೇ ಪ್ರಶ್ನೆ ಅನ್ನಿಸತೊಡಗಿತು. ಇವತ್ತು ಬರೆದದ್ದನ್ನು ಇಪ್ಪತ್ತೈದು ವರ್ಷ ಆದ ಮೇಲೆ ಯಾರು ತೆರೆದು ಓದುತ್ತಾರೆ, ಯಾವುದರಲ್ಲಿ ತೆರೆಯುತ್ತಾರೆ?

ಅದಕ್ಕೇ ಈ ಕಥೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ :)

ಹದಿನಾರು ವರ್ಷದ ಹುಡುಗನ ಕಂಪೆನಿ

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಕಡೆ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ತ್ರಿಮೂರ್ತಿಗಳು ನೆನಪಿರಬಹುದು. ಕಂಟ್ರೋಲ್ ಒತ್ತಿ ಹಿಡಿದು ಕೆ, ಆಮೇಲೆ ಡಿ ಒತ್ತಿದರೆ ಫೈಲು ಸೇವ್ ಆಗುತ್ತದೆ ಅಂತ ಬಾಯಿಪಾಠ ಮಾಡಿದ್ದೆವು. ಅಷ್ಟರಲ್ಲಾಗಲೇ ಅಮೆರಿಕದ ಕಚೇರಿಗಳಲ್ಲಿ ವರ್ಡ್‌ಸ್ಟಾರ್ ಹಳೆಯದಾಗಿ ವರ್ಡ್‌ಪರ್ಫೆಕ್ಟ್ ರಾಜ್ಯಭಾರ ನಡೆಸುತ್ತಿತ್ತು. ಮೈಕ್ರೋಸಾಫ್ಟ್‌ನ ವರ್ಡ್ 1983ರಲ್ಲೇ ಹುಟ್ಟಿದ್ದರೂ ಡಾಸ್ ಕಾಲದಲ್ಲಿ ಅದಕ್ಕೆ ಎರಡನೇ ಸಾಲು.

ಆಟ ಬದಲಾಗಿದ್ದು ವಿಂಡೋಸ್‌ನಿಂದ. ವಿಂಡೋಸ್‌ಗಾಗಿ ವರ್ಡ್ 1989ರಲ್ಲೇ ಬಂತು. ಮರುವರ್ಷ ವಿಂಡೋಸ್ 3.0 ಬಂದು ಮನೆಮಾತಾಯಿತು. ವರ್ಡ್‌ಪರ್ಫೆಕ್ಟ್ ವಿಂಡೋಸ್‌ಗೆ ಬರುವಷ್ಟರಲ್ಲಿ 1991 ಆಗಿತ್ತು. ಆ ಎರಡು ವರ್ಷದ ಅಂತರವನ್ನು ಅದಕ್ಕೆ ತುಂಬಿಕೊಳ್ಳಲು ಆಗಲೇ ಇಲ್ಲ. 1994ರಲ್ಲಿ ನಾವೆಲ್ ಕಂಪೆನಿ ಅದನ್ನು ಕೊಂಡಿತು, 1996ರಲ್ಲಿ ಕೋರೆಲ್‌ಗೆ ಮಾರಿತು. ಲಕ್ಷಾಂತರ ವಕೀಲರು, ಗುಮಾಸ್ತರು ಬರೆದಿಟ್ಟ ಫೈಲುಗಳು ಮಾತ್ರ ಹಾಗೇ ಉಳಿದವು.

ಈ ದೊಡ್ಡವರ ಜಗಳದ ಪಕ್ಕದಲ್ಲಿ ಜರ್ಮನಿಯ ಲ್ಯೂನೆಬುರ್ಗ್ ಎಂಬ ಊರಿನಲ್ಲಿ ಇನ್ನೊಂದು ಗಿಡ ಚಿಗುರುತ್ತಿತ್ತು. 1985ರಲ್ಲಿ ಮಾರ್ಕೋ ಬೋರಿಸ್ ಎಂಬ ಹದಿನಾರು ವರ್ಷದ ಹುಡುಗ ಸ್ಟಾರ್ ಡಿವಿಷನ್ ಅಂತ ಒಂದು ಕಂಪೆನಿ ಕಟ್ಟಿದ. ನಾವು ಆ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅಪ್ಪನಿಗೆ ತೋರಿಸುವುದು ಹೇಗೆ ಅಂತ ಯೋಚಿಸುತ್ತಿದ್ದೆವು, ಇರಲಿ. ಅವನ ಮೊದಲ ಸರಕು ಸ್ಟಾರ್‌ರೈಟರ್ ಎಂಬ ಬರವಣಿಗೆ ತಂತ್ರಾಂಶ. ಮೊದಲು ಆ ಕಾಲದ ಪುಟ್ಟ ಸಿಪಿ/ಎಂ ಯಂತ್ರಗಳಿಗೆ, ಆಮೇಲೆ ಡಾಸ್‌ಗೆ, ಆಮೇಲೆ ವಿಂಡೋಸ್, ಲಿನಕ್ಸ್, ಸೊಲಾರಿಸ್ ಹೀಗೆ ಸಿಕ್ಕ ಕಡೆಗೆಲ್ಲ ಅದನ್ನು ಒಯ್ದರು. ಲೆಕ್ಕದ ಹಾಳೆ, ಚಿತ್ರ ಬಿಡಿಸುವುದು ಎಲ್ಲ ಸೇರಿ ಅದು ಸ್ಟಾರ್ ಆಫೀಸ್ ಆಯಿತು. ಕಂಪೆನಿ ಹ್ಯಾಂಬರ್ಗ್‌ಗೆ ಬಂದು ನೆಲೆಯಾಯಿತು.

ಲೈಸೆನ್ಸ್ ಕೊಳ್ಳುವುದಕ್ಕಿಂತ ಕಂಪೆನಿಯನ್ನೇ ಕೊಳ್ಳುವುದು ಅಗ್ಗ!

1999ರ ಆಗಸ್ಟಿನಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಈ ಕಂಪೆನಿಯನ್ನು ಸುಮಾರು 7.35 ಕೋಟಿ ಡಾಲರ್ ಕೊಟ್ಟು ಕೊಂಡಿತು. ಯಾಕೆ ಕೊಂಡರು ಎಂಬುದಕ್ಕೆ ಸನ್‌ನಲ್ಲೇ ಇದ್ದ ಸೈಮನ್ ಫಿಪ್ಸ್ ಆಮೇಲೆ ಹೇಳಿದ ಕಾರಣ ಮಜವಾಗಿದೆ. ಸನ್‌ನಲ್ಲಿ ಆಗ ಸುಮಾರು 42,000 ನೌಕರರು. ಹೆಚ್ಚುಕಡಿಮೆ ಎಲ್ಲರ ಮೇಜಿನ ಮೇಲೂ ಕೆಲಸಕ್ಕೆ ಒಂದು ಯುನಿಕ್ಸ್ ಯಂತ್ರ, ಪತ್ರ ಬರೆಯಲು ಒಂದು ವಿಂಡೋಸ್ ಲ್ಯಾಪ್‌ಟಾಪ್. 42,000 ಆಫೀಸ್ ಲೈಸೆನ್ಸ್ ಕೊಳ್ಳುವುದಕ್ಕಿಂತ, ಯುನಿಕ್ಸಿನಲ್ಲಿ ಓಡುವ ಆಫೀಸ್ ತಂತ್ರಾಂಶ ಮಾಡುವ ಕಂಪೆನಿಯನ್ನೇ ಕೊಂಡುಬಿಡುವುದು ಅವರಿಗೆ ಅಗ್ಗವಾಗಿ ಕಂಡಿತಂತೆ. ಹಾಲಿಗಿಂತ ಹಸುವೇ ಸೋವಿ ಅಂದ ಹಾಗೆ!

ಕೊಂಡ ಮೇಲೆ ಸನ್ ಅದನ್ನು ಬಿಟ್ಟಿಯಾಗಿ ಹಂಚಿತು. ನಾನು ಸ್ಟಾರ್ ಆಫೀಸ್ 5.2 ನೋಡಿದ್ದು ಹಾಸ್ಟೆಲಿನಲ್ಲಿ, ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ. ತೆರೆದರೆ ಇಡೀ ಪರದೆಯನ್ನೇ ನುಂಗಿ ತನ್ನದೇ ಒಂದು ಸ್ಟಾರ್ಟ್ ಬಟನ್ ತೋರಿಸುತ್ತಿತ್ತು. ನಮ್ಮ 32 ಎಂಬಿ ಮೆಮೊರಿಯ ಯಂತ್ರದಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ಮೆಸ್ಸಿಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಆದರೂ ಕದ್ದ ಸಿಡಿಯಲ್ಲದೆ ಬೇರೇನೂ ಕಂಡಿರದ ನಮಗೆ, ನ್ಯಾಯವಾಗಿ ಸಿಕ್ಕ ಮೊದಲ ಆಫೀಸ್ ಅದು.

ಸನ್ ಮಾಡಿದ ನಿಜವಾದ ದೊಡ್ಡ ಕೆಲಸ ಇನ್ನೊಂದು. 2000ದ ಜುಲೈ 19ರಂದು ಸ್ಟಾರ್ ಆಫೀಸಿನ ಸೋರ್ಸ್ ಕೋಡನ್ನೇ ಲೋಕಕ್ಕೆ ಬಿಚ್ಚಿಡುತ್ತೇವೆ ಅಂತ ಘೋಷಿಸಿ, ಅಕ್ಟೋಬರ್ 13ರಂದು ಬಿಚ್ಚಿಟ್ಟೇಬಿಟ್ಟಿತು. ಓಪನ್ ಆಫೀಸ್ ಎಂಬ ಹೆಸರಿನ ಹಕ್ಕು ಆಗಲೇ ಬೇರೆಯವರ ಬಳಿ ಇದ್ದುದರಿಂದ ಬಾಲಕ್ಕೆ ಡಾಟ್ ಆರ್ಗ್ ಸೇರಿಸಿ ಓಪನ್‌ಆಫೀಸ್ ಡಾಟ್ ಆರ್ಗ್ ಅಂತಲೇ ನಾಮಕರಣ ಮಾಡಬೇಕಾಯಿತು. ಅದರ ಮೊದಲ ಪೂರ್ಣ ಆವೃತ್ತಿ ಬಂದಿದ್ದು 2002ರ ಮೇ ತಿಂಗಳಲ್ಲಿ. ಅದೇ ಹೊತ್ತಿಗೆ ಸನ್ ತನ್ನ ಸ್ಟಾರ್ ಆಫೀಸ್ 6.0 ಅನ್ನು 75.95 ಡಾಲರಿಗೆ ಮಾರಲು ಶುರುಮಾಡಿತು. ಮೂಲ ಒಂದೇ, ಒಂದು ಬಿಟ್ಟಿ, ಇನ್ನೊಂದು ಬೆಲೆಯದು.

ಜಗಳ ಇದ್ದದ್ದು ಫೈಲಿನ ಬಗ್ಗೆ

ಇಲ್ಲಿಯವರೆಗೆ ಇದು ಕಂಪೆನಿಗಳ ಕಥೆ. ನಮಗೆ ನಿಮಗೆ ಬೇಕಾದ ಕಥೆ ಇಲ್ಲಿಂದ ಶುರು.

ಹಳೆಯ ವರ್ಡ್‌ನ ಡಾಕ್ ಫೈಲು ಒಂದು ಮುಚ್ಚಿದ ಪೆಟ್ಟಿಗೆ. ಒಳಗೆ ಅಕ್ಷರ ಎಲ್ಲಿದೆ, ದಪ್ಪಕ್ಷರದ ಗುರುತು ಎಲ್ಲಿದೆ ಎಂಬುದು ಪೆಟ್ಟಿಗೆ ಮಾಡಿದವರಿಗೆ ಗೊತ್ತು. ಉಳಿದವರು ತಟ್ಟಿ ನೋಡಿ, ಅಲ್ಲಾಡಿಸಿ ನೋಡಿ ಊಹೆ ಮಾಡಬೇಕು. ಓಪನ್ ಆಫೀಸ್ ಬರೆದವರು ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಮೈಕ್ರೋಸಾಫ್ಟ್ ಆ ಪೆಟ್ಟಿಗೆಯ ವಿವರವನ್ನು ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಿದ್ದು 2008ರ ಫೆಬ್ರವರಿಯಲ್ಲಿ.

ಓಪನ್ ಆಫೀಸ್‌ನವರು ತಮ್ಮ ಫೈಲನ್ನು ಬೇರೆ ಥರ ಕಟ್ಟಿದರು. ಅದನ್ನೇ ತಿದ್ದಿ ತೀಡಿ ಒಡಿಎಫ್ ಎಂಬ ಹೆಸರಿನಲ್ಲಿ ಓಯಾಸಿಸ್ ಎಂಬ ಮಾನಕ ಸಂಸ್ಥೆ 2005ರ ಮೇ ತಿಂಗಳಲ್ಲಿ ಒಪ್ಪಿತು, 2006ರಲ್ಲಿ ಅದು ಐಎಸ್ಒ ಮಾನಕವೂ ಆಯಿತು. ನಿಮ್ಮ ಬಳಿ ಒಂದು ಓಡಿಟಿ ಫೈಲ್ ಇದ್ದರೆ ಹೀಗೆ ಮಾಡಿ: ಅದರ ಒಂದು ನಕಲು ತೆಗೆದು ಹೆಸರಿನ ಕೊನೆಯಲ್ಲಿ ಓಡಿಟಿ ಇದ್ದ ಕಡೆ ಜಿಪ್ ಅಂತ ಬದಲಿಸಿ ಬಿಚ್ಚಿ. ಒಳಗೆ ಕಂಟೆಂಟ್ ಡಾಟ್ ಎಕ್ಸ್‌ಎಂಎಲ್ ಅಂತ ಒಂದು ಫೈಲು ಸಿಗುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ನೀವು ಬರೆದ ಕನ್ನಡ, ಸುತ್ತ ಒಂದಿಷ್ಟು ಗುರುತುಗಳ ನಡುವೆ, ಕಣ್ಣಿಗೆ ಕಾಣುವ ಹಾಗೆ ಕೂತಿರುತ್ತದೆ. ನಾಳೆ ಜಗತ್ತಿನ ಎಲ್ಲ ಆಫೀಸ್ ತಂತ್ರಾಂಶಗಳೂ ಸತ್ತುಹೋದರೂ ನಿಮ್ಮ ಬರಹ ಅಲ್ಲಿಂದ ಎತ್ತಿಕೊಳ್ಳಬಹುದು.

ಇದರ ಬೆಲೆ ಮೊದಲು ಅರಿತವರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರವೂ ಒಂದು. 2007ರ ಜನವರಿಯಿಂದ ಸರ್ಕಾರಿ ಕಡತಗಳೆಲ್ಲ ಮುಕ್ತ ರೂಪದಲ್ಲಿರಬೇಕು ಅಂತ 2005ರ ಸೆಪ್ಟೆಂಬರಿನಲ್ಲಿ ಅದು ನಿಯಮ ಮಾಡಿತು. ದೊಡ್ಡ ಗಲಾಟೆಯೇ ಆಯಿತು. ರಾಜ್ಯದ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥ ಪೀಟರ್ ಕ್ವಿನ್ ರಾಜೀನಾಮೆ ಕೊಟ್ಟರು. ಮೈಕ್ರೋಸಾಫ್ಟ್ ತನ್ನದೇ ಆದ ಒಓಎಕ್ಸ್‌ಎಂಎಲ್ ರೂಪವನ್ನು (ನಾವು ಇವತ್ತು ಡಾಕ್ಸ್ ಎಕ್ಸ್ ಅಂತ ಕಾಣುವುದು ಅದೇ) ಮಾನಕ ಮಾಡಿಸಲು ಹೊರಟಿತು. ಒಡಿಎಫ್‌ನ ವಿವರಣೆ ಸುಮಾರು ಏಳುನೂರು ಪುಟ, ಇದರದ್ದು ಆರು ಸಾವಿರ ಪುಟ!

2007ರ ಸೆಪ್ಟೆಂಬರಿನ ಮತದಾನದಲ್ಲಿ ಅದು ಸೋತಿತು, 2008ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಗೆದ್ದಿತು. ಎರಡು ಸಲವೂ ಭಾರತ 'ಬೇಡ' ಅಂತಲೇ ಹೇಳಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ತೀರ್ಮಾನದ ಮೇಲೆ ಅಪೀಲು ಹೋದ ನಾಲ್ಕು ದೇಶಗಳಲ್ಲಿ ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ಜೊತೆ ನಾವೂ ಇದ್ದೆವು. ಅಪೀಲು ಬಿದ್ದುಹೋಯಿತು. ಆದರೆ ಒಂದು ಲಾಭ ಆಯಿತು. ಇವತ್ತು ಡಾಕ್ಸ್ ಎಕ್ಸ್ ಕೂಡ ಬಿಚ್ಚಿ ನೋಡಬಹುದಾದ ಜಿಪ್ ಪೆಟ್ಟಿಗೆಯೇ. ಗೆದ್ದವರೂ ಕೊನೆಗೆ ಪೆಟ್ಟಿಗೆಯ ಮುಚ್ಚಳ ತೆಗೆಯಲೇಬೇಕಾಯಿತು.

ಮನೆ ಮಾರಿದಾಗ ಮಕ್ಕಳು ಬೇರೆ ಬಿಡಾರ ಹೂಡಿದ್ದು

2010ರ ಜನವರಿಯಲ್ಲಿ ಸನ್ ಕಂಪೆನಿಯನ್ನೇ ಒರಾಕಲ್ ಕೊಂಡಿತು. ಜೊತೆಗೆ ಓಪನ್ ಆಫೀಸೂ ಕೈ ಬದಲಾಯಿತು. ಹೊಸ ಯಜಮಾನರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗದೆ ಅದಕ್ಕಾಗಿ ದುಡಿಯುತ್ತಿದ್ದವರು ತಿಂಗಳುಗಟ್ಟಲೆ ಕಾದರು. ಕೊನೆಗೆ ಅದೇ ವರ್ಷ ಸೆಪ್ಟೆಂಬರ್ 28ರಂದು ಅವರಲ್ಲಿ ಬಹಳಷ್ಟು ಮಂದಿ ಸೇರಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಘೋಷಿಸಿ, ಅದೇ ಸೋರ್ಸ್ ಕೋಡನ್ನು ಎತ್ತಿಕೊಂಡು ಲಿಬ್ರೆ ಆಫೀಸ್ ಅಂತ ಹೆಸರಿಟ್ಟರು. ಅದು ತಾತ್ಕಾಲಿಕ ಹೆಸರಾಗಿತ್ತು. ನೀವೂ ಬನ್ನಿ, ಹಳೆಯ ಹೆಸರನ್ನು ನಮಗೆ ಕೊಡಿ ಅಂತ ಒರಾಕಲ್ಲನ್ನು ಕರೆದಿದ್ದರು. ಅವರು ಬರಲಿಲ್ಲ, ತಾತ್ಕಾಲಿಕ ಹೆಸರೇ ಶಾಶ್ವತವಾಯಿತು. ಲಿಬ್ರೆ ಆಫೀಸ್ 3.3 ಹೊರಬಂದಿದ್ದು 2011ರ ಜನವರಿ 25ರಂದು.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಇವರು ಹೀಗೆ ಎದ್ದು ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹತ್ತು ವರ್ಷ ಹಿಂದೆ ಕೊಟ್ಟ ಮುಕ್ತ ಪರವಾನಗಿಯೇ ಆ ಹಕ್ಕು ಕೊಟ್ಟಿತ್ತು. ವರ್ಡ್‌ಪರ್ಫೆಕ್ಟ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ಅದನ್ನು ಬಳಸುವವರು ನೋಡುತ್ತಾ ನಿಲ್ಲಬೇಕಾಯಿತು. ಇಲ್ಲಿ ಹಾಗಾಗಲಿಲ್ಲ.

ಹೊಸ ಮನೆಗೆ ಬಂದವರು ಮೊದಲು ಮಾಡಿದ್ದು ಕಸ ಗುಡಿಸುವ ಕೆಲಸ. ಕೋಡಿನ ತುಂಬ ಪ್ರೋಗ್ರಾಮರುಗಳು ಬರೆದುಕೊಂಡ ಟಿಪ್ಪಣಿಗಳು ಜರ್ಮನ್ ಭಾಷೆಯಲ್ಲಿದ್ದವು, ಹ್ಯಾಂಬರ್ಗಿನ ಆ ಹಳೆಯ ದಿನಗಳವು. ಸ್ವಯಂಸೇವಕರು ಕೂತು ವರ್ಷಗಟ್ಟಲೆ ಅವನ್ನು ಇಂಗ್ಲಿಷಿಗೆ ತಂದರು. ಬರವಣಿಗೆಯ ಭಾಗದ ಕೋಡು ಇರುವ ಫೋಲ್ಡರಿನ ಹೆಸರು ಇವತ್ತಿಗೂ ಎಸ್‌ಡಬ್ಲ್ಯೂ, ಅಂದರೆ ಸ್ಟಾರ್‌ರೈಟರ್! ಹದಿನಾರರ ಹುಡುಗನ ಗುರುತು ಇನ್ನೂ ಅಳಿಸಿಲ್ಲ.

ಒರಾಕಲ್ 2011ರ ಜೂನಿನಲ್ಲಿ ಓಪನ್ ಆಫೀಸನ್ನು ಅಪಾಚೆ ಪ್ರತಿಷ್ಠಾನಕ್ಕೆ ದಾನ ಮಾಡಿತು. ಅದು ಅಪಾಚೆ ಓಪನ್ ಆಫೀಸ್ ಎಂಬ ಹೆಸರಿನಲ್ಲಿ ಈಗಲೂ ಸಿಗುತ್ತದೆ. ಆದರೆ 2014ರ 4.1 ಆವೃತ್ತಿಯ ನಂತರ ಸಣ್ಣಪುಟ್ಟ ರಿಪೇರಿ ಬಿಟ್ಟರೆ ಹೊಸದೇನೂ ಬಂದಿಲ್ಲ. ಹಳೆಯ ಹೆಸರಿನ ಮೋಹಕ್ಕೆ ಅದನ್ನೇ ಇಳಿಸಿಕೊಳ್ಳುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ, ಜೀವ ಇರುವುದು ಲಿಬ್ರೆ ಆಫೀಸಿನಲ್ಲಿ.

ಎಲ್ಲ ಕಡೆ ಇದು ಗೆದ್ದಿತು ಅಂತೇನಲ್ಲ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, ಹತ್ತು ವರ್ಷದಲ್ಲಿ ಸುಮಾರು 15,000 ಕಂಪ್ಯೂಟರುಗಳನ್ನು ಬದಲಾಯಿಸಿತು. 2017ರಲ್ಲಿ ಮತ್ತೆ ವಿಂಡೋಸ್‌ಗೇ ವಾಪಸ್ ಹೋಗಲು ತೀರ್ಮಾನಿಸಿತು. ಹಾಗಿದ್ದರೂ ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲಿನಲ್ಲಿ ತನ್ನ 30,000 ಸರ್ಕಾರಿ ಕಂಪ್ಯೂಟರುಗಳನ್ನು ಲಿಬ್ರೆ ಆಫೀಸಿಗೆ ಒಯ್ಯುವುದಾಗಿ ಪ್ರಕಟಿಸಿತು. ಹೋಗುವುದು, ಬರುವುದು ನಡೆದೇ ಇದೆ.

ಕನ್ನಡದ ಮಟ್ಟಿಗೆ ಏನಾಯಿತು?

ಇಂಗ್ಲಿಷಿನವರಿಗೆ ಫೈಲು ತೆರೆದುಕೊಂಡರೆ ಮುಗಿಯಿತು. ನಮಗೆ ಅರ್ಧ ದಾರಿ. ಒಳಗಿನ ಅಕ್ಷರ ಅಕ್ಷರವೇ ಆಗಿರಬೇಕಲ್ಲ!

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಜಾಗ ಸಿಕ್ಕ ಮಾತ್ರಕ್ಕೆ ಮನೆ ಎದ್ದುಬಿಡುವುದಿಲ್ಲ. ವಿಂಡೋಸ್ 2000ದಲ್ಲಿ ಹಿಂದಿ, ತಮಿಳು ಬಂದವು, ಕನ್ನಡ ಬರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಬಂತು. ಅದನ್ನೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಟಿಕ್ ಮಾಡಿ, ಎಕ್ಸ್‌ಪಿ ಸಿಡಿ ಹುಡುಕಿ ತಂದು ಹಾಕಿ ಎಬ್ಬಿಸಬೇಕಿತ್ತು. ಆ ದಿನಗಳಲ್ಲಿ ಬರೆಯುತ್ತಿದ್ದವರಿಗೆ ಆ ಸಿಡಿಯ ಹುಡುಕಾಟ ಮರೆತಿರಲಿಕ್ಕಿಲ್ಲ :)

ಅಲ್ಲಿಯವರೆಗೆ ಕನ್ನಡ ಓಡಿದ್ದು ಒಂದು ಉಪಾಯದಿಂದ. ಫಾಂಟಿನಲ್ಲಿ ಇರುವುದು 256 ಖಾನೆ. ಅದರಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳನ್ನು ಎಬ್ಬಿಸಿ ಆ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು. ತುಂಡುಗಳು ಎಂದೆ ಯಾಕೆಂದರೆ ಇಡೀ ಅಕ್ಷರಕ್ಕೆ ಜಾಗ ಸಾಲದು. ಕ ಬರೆಯಲು ತಲೆಕಟ್ಟಿಲ್ಲದ ಮೈ ಒಂದು, ತಲೆಕಟ್ಟು ಒಂದು. ಮ ಎಂದರೆ ವ ಬರೆದು ಅದಕ್ಕೊಂದು ಕೊಂಬು. ಕಣ್ಣಿಗೆ ಚಂದದ ಕನ್ನಡ. ಕಂಪ್ಯೂಟರಿಗೆ ಮಾತ್ರ ಅದು ಯಾವುದೋ ಅರ್ಥವಿಲ್ಲದ ಯುರೋಪಿನ ಅಕ್ಷರಗಳ ಸರಮಾಲೆ.

ಹೀಗಂತ ಆ ಕೆಲಸವನ್ನು ಹಗುರವಾಗಿ ಕಾಣಬೇಡಿ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬರದೇ ಇದ್ದಿದ್ದರೆ, ಕನ್ನಡ ಗಣಕ ಪರಿಷತ್ತಿನ ನುಡಿ ಬರದೇ ಇದ್ದಿದ್ದರೆ, ಕೆ.ಪಿ. ರಾಯರು ಸರಳವಾದ ಕೀಲಿಮಣೆ ವಿನ್ಯಾಸ ಮಾಡದೇ ಇದ್ದಿದ್ದರೆ ನಾವ್ಯಾರೂ ಇವತ್ತು ಹೀಗೆ ಬರೆಯುತ್ತಿರಲಿಲ್ಲ. ಸರ್ಕಾರ ನಿಗದಿ ಮಾಡಿದ ಒಂದೇ ಸಂಕೇತದ ಪಟ್ಟಿಯನ್ನು ಬರಹ, ನುಡಿ ಎರಡೂ ಪಾಲಿಸಿದ್ದರಿಂದ ಆ ಫೈಲುಗಳನ್ನು ಇವತ್ತು ಯೂನಿಕೋಡಿಗೆ ಪರಿವರ್ತಿಸುವುದು ಸುಲಭ. ತೊಂದರೆ ಇರುವುದು ಅದಕ್ಕಿಂತ ಮೊದಲಿನ, ತಮ್ಮ ತಮ್ಮದೇ ಪಟ್ಟಿ ಇಟ್ಟುಕೊಂಡಿದ್ದ ಫಾಂಟುಗಳದ್ದು.

ಓಪನ್ ಆಫೀಸಿಗೆ ನಮ್ಮಂಥ ಲಿಪಿಗಳು ಅರ್ಥವಾಗತೊಡಗಿದ್ದು 2003ರ 1.1 ಆವೃತ್ತಿಯಿಂದ. 2005ರಲ್ಲಿ ಭಾರತ ಸರ್ಕಾರ ಮೊದಲು ತಮಿಳಿನಲ್ಲಿ, ಆಮೇಲೆ ಹಿಂದಿಯಲ್ಲಿ ಬಿಟ್ಟಿ ತಂತ್ರಾಂಶಗಳ ಸಿಡಿ ಹಂಚಿದಾಗ ಅದರಲ್ಲಿ ಭಾರತೀಯ ಓಪನ್ ಆಫೀಸ್ ಇತ್ತು. ಆದರೆ ಕಷ್ಟ ಬಹಳ ದಿನ ಇತ್ತು. ಒಂದೇ ಫೈಲು ವಿಂಡೋಸಿನಲ್ಲಿ ಒಂದು ಥರ, ಲಿನಕ್ಸಿನಲ್ಲಿ ಇನ್ನೊಂದು ಥರ. ಇಲ್ಲಿ ಸರಿ ಇದ್ದ ಒತ್ತಕ್ಷರ ಅಲ್ಲಿ ಪಕ್ಕಕ್ಕೆ ಬಂದು ಕೂರುತ್ತಿತ್ತು, ಅರ್ಕಾವತ್ತು ಎಲ್ಲೋ ಹೋಗುತ್ತಿತ್ತು. ಕಾರಣ, ಅಕ್ಷರ ಜೋಡಿಸುವ ಕೆಲಸವನ್ನು ಲಿಬ್ರೆ ಆಫೀಸ್ ಒಂದೊಂದು ಯಂತ್ರದಲ್ಲಿ ಒಂದೊಂದು ಸಲಕರಣೆಗೆ ವಹಿಸುತ್ತಿತ್ತು. 2017ರ ಫೆಬ್ರವರಿಯಲ್ಲಿ ಬಂದ 5.3 ಆವೃತ್ತಿಯಿಂದ ಎಲ್ಲ ಕಡೆಯೂ ಹಾರ್ಫ್‌ಬಝ್ ಎಂಬ ಒಂದೇ ಮುಕ್ತ ಸಲಕರಣೆ. ಅಂದಿನಿಂದ ಕನ್ನಡ ಎಲ್ಲಿ ತೆರೆದರೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ.

ಡಬ್ಬದೊಳಗೆ ಏನಿತ್ತು

ಈಗ ದೊಡ್ಡಪ್ಪನ ಫ್ಲಾಪಿಗೆ ಬರೋಣ. ಯುಎಸ್‌ಬಿಗೆ ಚುಚ್ಚುವ ಒಂದು ಹಳೆಯ ಫ್ಲಾಪಿ ಡ್ರೈವ್ ಗೆಳೆಯನ ಹತ್ತಿರ ಸಿಕ್ಕಿತು. ಏಳರಲ್ಲಿ ಎರಡು ಫ್ಲಾಪಿಗೆ ಬೂಸ್ಟು ಹಿಡಿದು ಓದಲೇ ಇಲ್ಲ. ಉಳಿದ ಐದರಲ್ಲಿ ಮೂರು ಬಗೆಯ ಫೈಲು.

ಮೊದಲನೆಯವು ವರ್ಡ್‌ನ ಡಾಕ್ ಫೈಲುಗಳು, ನುಡಿಯ ಅಕ್ಷರದಲ್ಲಿ. ಲಿಬ್ರೆ ಆಫೀಸಿನಲ್ಲಿ ತೆರೆದು, ಪರಿವರ್ತಿಸಿ, ಅರ್ಧ ಗಂಟೆಯಲ್ಲಿ ಮುಗಿಸಿದೆ. ಗದ್ದೆಗಳ ಹೆಸರಿನ ಪಟ್ಟಿ ಅದು.

ಎರಡನೆಯವು ಪೇಜ್‌ಮೇಕರ್ 6.5ರ ಫೈಲುಗಳು, ಸಾಗರದ ಒಂದು ಡಿಟಿಪಿ ಸೆಂಟರಿನಲ್ಲಿ ಮಾಡಿಸಿದ್ದು. ಪೇಜ್‌ಮೇಕರ್ ನನ್ನ ಬಳಿ ಇಲ್ಲ, ಇದ್ದರೂ ಇವತ್ತಿನ ಯಂತ್ರದಲ್ಲಿ ಓಡಿಸುವುದು ಪಾಡು. ಆಸೆ ಬಿಟ್ಟಿದ್ದೆ. ಆಗ ಗೊತ್ತಾಗಿದ್ದು, 2015ರ ಜನವರಿಯಲ್ಲಿ ಬಂದ ಲಿಬ್ರೆ ಆಫೀಸ್ 4.4ರಿಂದ ಅದರ ಡ್ರಾ ಎಂಬ ಭಾಗ ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ ಅಂತ. ಹಳೆಯ ಮುಚ್ಚಿದ ಪೆಟ್ಟಿಗೆಗಳನ್ನು ಬಿಚ್ಚಲೆಂದೇ 2014ರಲ್ಲಿ ಡಾಕ್ಯುಮೆಂಟ್ ಲಿಬರೇಶನ್ ಪ್ರಾಜೆಕ್ಟ್ ಎಂಬ ಯೋಜನೆ ಶುರುವಾಗಿತ್ತು. ಸ್ಟಾರ್ ಆಫೀಸಿನ ಹಳೆಯ ಫೈಲುಗಳನ್ನು ಓದುವ ಶಕ್ತಿಯನ್ನು 2013ರಲ್ಲಿ ಲಿಬ್ರೆ ಆಫೀಸೇ ಕಿತ್ತುಹಾಕಿತ್ತು, ತನ್ನ ತಾತನ ಭಾಷೆಯನ್ನೇ ಮೊಮ್ಮಗ ಮರೆತ ಹಾಗೆ. ಆಮೇಲೆ ಇಂಥದೇ ಪ್ರಯತ್ನದಿಂದ ಅದನ್ನೂ ಮತ್ತೆ ಕಲಿಸಿದರು.

ತೆರೆದೆ. ಪುಟಗಳು ಬಂದವು, ಆದರೆ ಅಕ್ಷರ ಎಲ್ಲ ಗೋಜಲು. ಆ ಫಾಂಟಿನ ಪಟ್ಟಿ ಯಾವ ಪರಿವರ್ತಕಕ್ಕೂ ಗೊತ್ತಿಲ್ಲ. ಆಗ ನೆನಪಾಗಿದ್ದು ಒರಲೆ ತಿಂದ ಆ ಪುಸ್ತಕ! ಅಚ್ಚಾದ ಮೊದಲ ಭಾಗ ಇದೇ ಫಾಂಟಿನಲ್ಲಿತ್ತು. ಪುಸ್ತಕದ ಉಳಿದ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು, ಪರದೆಯ ಗೋಜಲಿನ ಒಂದೊಂದು ಚಿಹ್ನೆಗೂ ಕನ್ನಡದ ತುಂಡು ಯಾವುದು ಅಂತ ಹೊಂದಿಸುತ್ತಾ ಹೋದೆ. ಹದಿನೈದು ರಾತ್ರಿ. ಮೊದಲ ಸಲ ಪರಿವರ್ತಿಸಿದಾಗ ಮನೆ ಎಲ್ಲ 'ವುನೆ', ಮಳೆ ಎಲ್ಲ 'ವುಳೆ'. ವ ಮತ್ತು ಕೊಂಬನ್ನು ಮೊದಲು ಒಟ್ಟಿಗೆ ಹಿಡಿದು ಮ ಮಾಡಬೇಕು, ಬಿಡಿ ವ ಆಮೇಲೆ ಅಂತ ಬುದ್ಧಿ ಬಂದ ಮೇಲೆ ಸರಿಹೋಯಿತು. ಮೊದಲ ಭಾಗದ ಕೀಲಿಕೈಯಿಂದ ಎರಡನೇ ಭಾಗದ ಬಾಗಿಲು ತೆರೆಯಿತು. ತೊಂಬತ್ತಾರು ಪುಟ. ಅಚ್ಚಾಗದೆ ಉಳಿದಿದ್ದ ತೊಂಬತ್ತಾರು ಪುಟ!

ಮೂರನೆಯದು 'ಹಾಡುಗಳು' ಅಂತ ಬರೆದ ಫ್ಲಾಪಿ. ಡಾಸ್ ಕಾಲದ ಯಾವುದೋ ಕನ್ನಡ ಪ್ಯಾಕೇಜಿನಲ್ಲಿ ಟೈಪ್ ಮಾಡಿಸಿದ್ದು. ಫೈಲು ಇದೆ, ತೆರೆಯುವುದಿಲ್ಲ. ಆ ತಂತ್ರಾಂಶ ಕಂಪ್ಯೂಟರಿನ ಹಿಂದೆ ಚುಚ್ಚುವ ಒಂದು ಬೀಗದ ತುಂಡಿನ ಜೊತೆ ಬರುತ್ತಿತ್ತಂತೆ. ತಂತ್ರಾಂಶವೂ ಇಲ್ಲ, ಬೀಗವೂ ಇಲ್ಲ, ಆ ಅಕ್ಷರದಲ್ಲಿ ಅಚ್ಚಾದ ಒಂದು ಹಾಳೆಯೂ ಇಲ್ಲ. ಹಾಡಿದ ಅಜ್ಜಿಯಂದಿರೂ ಈಗ ಇಲ್ಲ.

ಹಾಗಾದರೆ ಮಗಳಿಗೆ ಏನು ಹೇಳಿದೆ?

ಲಿಬ್ರೆ ಆಫೀಸ್ ಹಾಕಿಕೊಟ್ಟೆ. ಕನ್ನಡದ ಮೆನು ಬೇಕೇ ಅಂತ ಕೇಳಿದೆ, "ಬೇಡ ಚಿಕ್ಕಪ್ಪ, ಕನ್ಫ್ಯೂಸ್ ಆಗತ್ತೆ" ಅಂದಳು, ಹೋಗಲಿ ಬಿಡಿ. ಮೂಲ ಬರಹವನ್ನು ಯಾವಾಗಲೂ ಓಡಿಟಿಯಲ್ಲಿ ಇಟ್ಟುಕೋ, ಕಾಲೇಜಿನವರು ಡಾಕ್ಸ್ ಎಕ್ಸ್ ಕೇಳಿದರೆ ಒಂದು ನಕಲು ಹಾಗೆ ಉಳಿಸಿ ಕಳಿಸು, ಕೊನೆಯ ಪ್ರತಿಯನ್ನು ಪಿಡಿಎಫ್ ಕೂಡ ಮಾಡಿಡು, ಕನ್ನಡವನ್ನು ಯೂನಿಕೋಡಿನಲ್ಲೇ ಬರೆ ಅಂದೆ.

ಕುಂದುಗಳನ್ನೂ ಹೇಳಿದೆ. ವರ್ಡ್‌ನಲ್ಲಿ ಮಾಡಿದ ಚಂದದ ಪುಟ ಇಲ್ಲಿ ತೆರೆದರೆ ಒಂದೆರಡು ಸಾಲು ಆಚೀಚೆ ಹೋಗಬಹುದು. ಎಕ್ಸೆಲ್‌ನಲ್ಲಿ ದೊಡ್ಡ ಮ್ಯಾಕ್ರೋ ಬರೆದು ಬದುಕುವವರಿಗೆ ಇದು ಸಾಲದು, ಅವರು ದುಡ್ಡು ಕೊಟ್ಟು ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕು ಜನ ಸೇರಿ ಒಂದೇ ಬರಹ ತಿದ್ದಬೇಕಾದರೆ ಗೂಗಲ್ ಡಾಕ್ಸ್, ಚೆನ್ನೈ ಮೂಲದ ಜೋಹೋ ಇಂಥವೇ ಅನುಕೂಲ. ಆದರೆ ಗೂಗಲ್ ಡಾಕ್ಸ್‌ನ ಫೈಲು ಅಂತ ನಿಮ್ಮ ಕಂಪ್ಯೂಟರಿನಲ್ಲಿ ಕಾಣುವುದು ಒಂದು ವಿಳಾಸದ ಚೀಟಿ ಮಾತ್ರ, ಬರಹ ಇರುವುದು ಅವರ ಮನೆಯಲ್ಲಿ. ಆಗಾಗ ಒಂದು ಪ್ರತಿಯನ್ನು ಇಳಿಸಿ ಇಟ್ಟುಕೊಳ್ಳಬೇಕು.

ಸ್ಟಾರ್ ಡಿವಿಷನ್ ಹೋಯಿತು, ಸನ್ ಹೋಯಿತು, ಓಪನ್ ಆಫೀಸ್ ಹೆಸರಿಗಷ್ಟೇ ಇದೆ. ನಾಳೆ ಲಿಬ್ರೆ ಆಫೀಸೂ ಹೋಗಬಹುದು. ಅದಕ್ಕೇ ಯಾವ ತಂತ್ರಾಂಶ ಚೆಂದ ಎಂಬ ಚರ್ಚೆಯಲ್ಲಿ ನನಗೆ ಈಗ ಅಷ್ಟು ಆಸಕ್ತಿ ಇಲ್ಲ. ಅದು ಹೋದ ಮೇಲೆ ನಾನು ಬರೆದದ್ದು ಬೇರೆಯವರ ಕೈಯಲ್ಲಿ ತೆರೆಯುತ್ತದಾ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಸಂಕ್ರಾಂತಿಗೆ ಎರಡನೇ ಭಾಗದ ಪ್ರಿಂಟ್ ತೆಗೆದು ಊರಿಗೆ ಒಯ್ದಿದ್ದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಗದ್ದೆಗಳ ಹೆಸರಿನ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. "ಇದು ನಮ್ಮ ಅಪ್ಪಯ್ಯನ ಗದ್ದೆ" ಅಂದರು. ಆಮೇಲೆ, "ಹಾಡು ಎಲ್ಲಿ?" ಅಂತ ಕೇಳಿದರು.

ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಡಾಸ್ ಕಾಲದ ಕನ್ನಡ ಪ್ಯಾಕೇಜು ಇರುವ ಹಳೆಯ ಕಂಪ್ಯೂಟರ್ ನಿಮ್ಮ ಮನೆಯ ಅಟ್ಟದಲ್ಲೋ, ನಿಮಗೆ ಗೊತ್ತಿರುವ ಯಾವುದಾದರೂ ಹಳೆಯ ಪ್ರೆಸ್ಸಿನ ಮೂಲೆಯಲ್ಲೋ ಧೂಳು ತಿನ್ನುತ್ತಾ ಕೂತಿದ್ದರೆ, ದಯವಿಟ್ಟು ಗುಜರಿಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ಹಾಗೇ ನಿಮ್ಮ ಮನೆಯಲ್ಲೂ ಇಂಥ ಬಿಸ್ಕೆಟ್ ಡಬ್ಬ ಇದೆಯಾ ಅಂತ ಒಮ್ಮೆ ನೋಡಿ. ಬೂಸ್ಟು ಹಿಡಿಯುವ ಮೊದಲು.